ಮೂರನೆಯ ಪುಷ್ಪಚಕ್ರ

ಅಕ್ಟೋಬರ್ 14, ಮಂಗಳವಾರ

ಮೀನುಪೇಟೆ ರಸ್ತೆಯ ದೀಪದ ಕಂಬಗಳಲ್ಲಿ ನಮ್ಮ ಫುಟ್ಬಾಲ್ ಕ್ಲಬ್ಬಿನ ಬಾವುಟಗಳಿಲ್ಲ. ಬೆಳಿಗ್ಗೆ ಟ್ಯೂಷನ್ ಕೇಂದ್ರಕ್ಕೆ ಹೋಗುವಾಗ ಗಮನಿಸಿದೆ. ಬಾವುಟ ತೂಗುಹಾಕುತ್ತಿದ್ದ ಕಬ್ಬಿಣದ ಸರಳುಗಳು ಮಾತ್ರ ಚಾಚಿಕೊಂಡಿದ್ದವು. ಒಂದರ ಮೇಲೆ ಕಡಲಕ್ಕಿ ಕೂತು, ಇಷ್ಟು ದಿನ ಈ ಬಟ್ಟೆಯೇ ಅಡ್ಡವಾಗಿತ್ತು ಎನ್ನುವ ಹಾಗೆ ಕಾಲು ಬದಲಿಸಿ ಬದಲಿಸಿ ಜಾಗ ಪರೀಕ್ಷಿಸುತ್ತಿತ್ತು. ಪ್ರತಿ ವರ್ಷ ಆಟಗಳೆಲ್ಲ ಮುಗಿದ ಮೇಲೆ ಬಾವುಟ ಇಳಿಸುತ್ತಾರೆ. ಈ ಸಲ ಊರಿನಲ್ಲೇ ಇನ್ನೂ ಎರಡು ಆಟ ಬಾಕಿ ಇವೆ.

ಮಕ್ಕಳ ಪ್ರಬಂಧ ತಿದ್ದಲು ಕೂತರೆ ಕಣ್ಣು ಒಂದೇ ಸಾಲಿನ ಮೇಲೆ ಹೋಗಿಬಂದು ಮಾಡುತ್ತಿತ್ತು.

ಸಂಜೆ ಎಲ್ಲರೂ ಗಿತೇ ಅಣ್ಣನ ಕೋಳಿ ಅಂಗಡಿಯಲ್ಲಿ ಸೇರಿದೆವು. ಅವನು ಕ್ಲಬ್ಬಿನ ಅಭಿಮಾನಿಗಳಾದ ನಮ್ಮ ಉತ್ತರ ಗ್ಯಾಲರಿಯ ಮುಂದಾಳು. ಆಟದ ದಿನ ಮೈದಾನಕ್ಕೆ ಬೆನ್ನು ಹಾಕಿ, ಮೆಗಾಫೋನ್ ಹಿಡಿದು ನಮ್ಮನ್ನೆಲ್ಲ ಹಾಡಿಸುವವನು. ಇಷ್ಟು ವರ್ಷದಲ್ಲಿ ನಮ್ಮ ಹೇಜಿನ್ ತಂಡ ಹೊಡೆದ ಒಂದು ಗೋಲನ್ನೂ ಅವನು ಕಣ್ಣಾರೆ ಕಂಡಿಲ್ಲ ಎಂದು ಎಲ್ಲರೂ ನಗುತ್ತಾರೆ.

ಸುದ್ದಿ ನಿಜವಂತೆ. ಕ್ಲಬ್ಬಿನ ಒಡೆತನದ ಕಂಪನಿಗೆ ಹೇಜಿನ್ ಊರು ಬೇಡವಾಗಿದೆ. ಸಿಯೋಲಿನ ಆಚೆ ಹೊಸದಾಗಿ ಎದ್ದ ಊರೊಂದು ಸ್ಟೇಡಿಯಂ ಕಟ್ಟಿ ಕರೆಯುತ್ತಿದೆ. ಆಟಗಾರರು, ತರಬೇತುದಾರ, ಲೀಗಿನಲ್ಲಿರುವ ಜಾಗ, ಎಲ್ಲವನ್ನೂ ಗಂಟು ಕಟ್ಟಿ ಅಲ್ಲಿಗೆ ಸಾಗಿಸುತ್ತಾರೆ. ನವೆಂಬರ್ ಐದಕ್ಕೆ ಕಂಪನಿಯ ಸಭೆ ಸೇರಿ ತೀರ್ಮಾನಿಸುತ್ತದೆ.

"ಬಾಡಿಗೆ ಮನೆ ಬಿಡೋರೂ ಪಕ್ಕದವರಿಗೆ ಒಂದು ಮಾತು ಹೇಳಿ ಹೋಗ್ತಾರೆ," ಅಂದರು ಓಕ್ಬುನ್ ಚಿಕ್ಕಮ್ಮ. ಅವರು ಮೀನುಪೇಟೆಯಲ್ಲಿ ಒಣಮೀನು ಮಾರುತ್ತಾರೆ. ಗ್ಯಾಲರಿಯ ಎಲ್ಲರಿಗೂ ಚಿಕ್ಕಮ್ಮನೇ. "ಆ ಪ್ಯೊ ಅನ್ನೋನಿಗೆ ನಾಲಿಗೆ ಬಿದ್ಹೋಗಿದ್ಯಾ?"

ಪ್ಯೊ ಕ್ಲಬ್ಬಿನ ಕಚೇರಿಯ ಮುಖ್ಯಸ್ಥರು. ಒಂದು ತಿಂಗಳಿಂದ ಯಾರ ಫೋನೂ ಎತ್ತುತ್ತಿಲ್ಲ.

"ಶನಿವಾರ ಹಾಡಲ್ಲ," ಅಂದ ಗಿತೇ ಅಣ್ಣ. "ಒಂದು ಚಪ್ಪಾಳೆನೂ ಇಲ್ಲ. ಬ್ಯಾನರೆಲ್ಲ ತಲೆಕೆಳಗೆ. ಏನಂತೀಯ ಕವಯಿತ್ರಿ?"

ನಾನು ಮೂಲಂಗಿ ಉಪ್ಪಿನಕಾಯಿಯ ಬಟ್ಟಲು ನೋಡುತ್ತಾ ಕೂತೆ. ನಾನು ಹಾಡಿದ್ದಾದರೂ ಯಾವಾಗ? ತುಟಿ ಆಡಿಸುತ್ತೇನೆ, ಅಷ್ಟೆ. ಬ್ಯಾನರಿಗೆ ಸಾಲು ಬರೆದುಕೊಡುವುದು ನನ್ನ ಕೆಲಸ. ಸಾಹಿತ್ಯ ಓದಿದವಳು ಎಂದು ಯಾರೋ ಹೇಳಿದ ದಿನದಿಂದ ಅದು ನನಗೆ ಅಂಟಿಕೊಂಡಿದೆ.

ಅಕ್ಟೋಬರ್ 18, ಶನಿವಾರ

ಸೊನ್ನೆ–ಎರಡು. ಸೋತೆವು.

ಬ್ಯಾನರುಗಳೆಲ್ಲ ತಲೆಕೆಳಗಾಗಿ ತೂಗುತ್ತಿದ್ದವು. ನಾನೇ ಬರೆದ ಸಾಲುಗಳನ್ನು ಕತ್ತು ವಾಲಿಸಿ ಓದಿಕೊಂಡೆ. ಡೋಲು ಬಾರಿಸುವ ಜೆಹಾ ಕೋಲುಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ, ಕೈ ತಾನಾಗಿ ಹೋದೀತೆಂದು. ಹಾಡಿಲ್ಲದ ಮೈದಾನದಲ್ಲಿ ಇಷ್ಟೊಂದು ಸದ್ದು ಇರುತ್ತದೆ ಎಂದು ಗೊತ್ತಿರಲಿಲ್ಲ. ಬೂಟಿಗೆ ಚೆಂಡು ತಾಗುವುದು, ಆಟಗಾರರು ಒಬ್ಬರನ್ನೊಬ್ಬರು ಕರೆಯುವುದು, ಬೈದುಕೊಳ್ಳುವುದು. ಎದುರಾಳಿ ಊರಿನಿಂದ ಬಂದ ಒಂದು ಹಿಡಿ ಜನ ಹಾಡಿದ್ದು ನಮ್ಮ ಮನೆಯ ಅಡುಗೆಮನೆಗೇ ನುಗ್ಗಿ ಹಾಡಿದಂತೆ ಕೇಳಿಸಿತು.

ಎರಡನೆಯ ಗೋಲು ಬಿಟ್ಟುಕೊಟ್ಟಾಗ ನಮ್ಮ ಗೋಲ್‌ಕೀಪರ್ ನಮ್ಗುಂಗ್ ತಿರುಗಿ ನಮ್ಮ ಕಡೆ ನೋಡಿದ. ಹಳೆಯ ಕೀಪರಿಗೆ ಗಾಯವಾದ್ದರಿಂದ ಈಗಷ್ಟೇ ಆಡಲು ಸಿಕ್ಕಿದೆ ಅವನಿಗೆ. ಬೈಯುತ್ತೇವೆ ಎಂದು ಕಾಯುತ್ತಿದ್ದನೇನೋ. ನಾವು ಬೈಯಲೂ ಇಲ್ಲ.

"ಬಾಯಿ ಮುಚ್ಕೊಂಡು ಸೋಲೋದು ನನ್ನ ಕೈಲಾಗಲ್ಲ ಕಣಪ್ಪ," ಎಂದರು ಚಿಕ್ಕಮ್ಮ, ಹೊರಗೆ ಬರುವಾಗ. "ದವಡೆ ನೋಯ್ತಿದೆ."

ಅಕ್ಟೋಬರ್ 20, ಸೋಮವಾರ

ಏನೂ ಇಲ್ಲ. ಫೋನ್ ನೋಡಿದೆ. ಇಟ್ಟೆ. ನೋಡಿದೆ.

'ನಮ್ಮ ಊರಿನ ಹೆಮ್ಮೆ' ಎಂಬ ಪ್ರಬಂಧಕ್ಕೆ ಮಕ್ಕಳೆಲ್ಲ ಏಡಿಯ ಬಗ್ಗೆ ಬರೆದಿದ್ದಾರೆ. ಹೋದ ವರ್ಷದ ಮಕ್ಕಳಲ್ಲಿ ಅರ್ಧ ಜನ ಫುಟ್ಬಾಲ್ ಬಗ್ಗೆ ಬರೆದಿದ್ದರು. ಏನೆಂದು ತಿದ್ದಲಿ? ಕಾಗುಣಿತ ಸರಿಯಾಗಿಯೇ ಇತ್ತು.

ಅಕ್ಟೋಬರ್ 22, ಬುಧವಾರ

ಪುಷ್ಪಚಕ್ರ ಕಳಿಸುವುದೆಂದು ನಿರ್ಧಾರವಾಯಿತು. ಸಾವಿನ ಮನೆಗೆ ಕಳಿಸುವ ಪುಷ್ಪಚಕ್ರವನ್ನು ಸಿಟ್ಟು ಬಂದವರ ಬಾಗಿಲಿಗೆ ಕಳಿಸುವುದು ಈಗ ಎಲ್ಲ ಕಡೆಯೂ ನಡೆದಿದೆ. ಶಾಲೆಗೂ ಕಳಿಸುತ್ತಾರೆ, ಟಿವಿ ಕಚೇರಿಗೂ ಕಳಿಸುತ್ತಾರೆ. ಮೂರು ಕಾಲಿನ ಮೇಲೆ ಆಳೆತ್ತರ ನಿಲ್ಲುವ ಬಿಳಿ ಸೇವಂತಿಗೆ, ಎರಡು ಬದಿಗೆ ಇಳಿಬಿಟ್ಟ ಪಟ್ಟಿ. ಒಂದರಲ್ಲಿ ಕಳಿಸಿದವರ ಹೆಸರು, ಇನ್ನೊಂದರಲ್ಲಿ ಹೇಳಬೇಕಾದ ಮಾತು. ಶುಕ್ರವಾರ ಬೆಳಿಗ್ಗೆ ಕ್ಲಬ್ಬಿನ ಕಚೇರಿಯ ಗೇಟಿಗೆ ಮೂರು ಹೋಗುತ್ತವೆ.

ಇಷ್ಟಕ್ಕೇ ಮುಗಿಯುವುದಿಲ್ಲ. ನವೆಂಬರ್ ಒಂದಕ್ಕೆ ಊರಿನ ಕೊನೆಯ ಆಟ. ಅಂದು ಎಲ್ಲರೂ ಕಪ್ಪು ಬಟ್ಟೆಯಲ್ಲಿ ಬಂದು, ರಟ್ಟಿನ ಶವಪೆಟ್ಟಿಗೆ ಹೊತ್ತು, ಗ್ಯಾಲರಿಯಲ್ಲೇ ಕ್ಲಬ್ಬಿನ ಅಂತ್ಯಸಂಸ್ಕಾರ ಮಾಡುವುದು. ಆಟದುದ್ದಕ್ಕೂ ಮೌನ. ಗಿತೇ ಅಣ್ಣ ಚರಮನುಡಿ ಓದುತ್ತಾನೆ. ಬರೆಯುವವಳು ನಾನು.

"ಟಿವಿಯವರು ಬಂದಿರ್ತಾರೆ," ಅಂದ. "ಕಲ್ಲಿನ ಕಣ್ಣಲ್ಲೂ ನೀರು ಬರ್ಬೇಕು, ಗೊತ್ತಾಯ್ತಾ?"

ಗೊತ್ತಾಯಿತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಸಾವಿನ ಬಗ್ಗೆ ಬರೆಯುವುದು ನನಗೆ ಯಾವಾಗಲೂ ಸಲೀಸು.

ಪಟ್ಟಿಗಳಿಗೆ ಅಲ್ಲೇ ಕೂತು ಮೂರು ಸಾಲು ಬರೆದೆ. 'ಹೇಜಿನ್ ಫುಟ್ಬಾಲ್ ಹುಟ್ಟಿದ್ದು ಇಲ್ಲೇ.' 'ಊರನ್ನು ಕದ್ದವರಿಗೆ ಊರಿನ ಶಾಪ.' ಮೂರನೆಯದು ತಾನಾಗಿ ಬಂತು: 'ಕೊಂದವರೇ ಮುಂದೆ ನಿಂತು ಅಳುತ್ತಿದ್ದಾರೆ.' ಗಿತೇ ಅಣ್ಣ ಗಟ್ಟಿಯಾಗಿ ಓದಿ ಮೇಜು ಗುದ್ದಿದ. "ಇದು ಪ್ಯೊ ಎದೆಗೆ ನೇರ!" ಜೆಹಾ ನನ್ನ ಲೋಟಕ್ಕೆ ಕೇಳದೆಯೇ ಬಿಯರ್ ಸುರಿದ. ಕಿವಿ ಬಿಸಿಯಾಗುವಷ್ಟು ಸಂತೋಷವಾಗಿತ್ತು.

ಅಕ್ಟೋಬರ್ 24, ಶುಕ್ರವಾರ, ಮಧ್ಯಾಹ್ನ

ಬೆಳಿಗ್ಗೆ ಗೇಟಿನಲ್ಲಿ ಮೂರು ಪುಷ್ಪಚಕ್ರ ನಿಂತಿದ್ದವು. ಮೊದಲನೆಯದು ನಮ್ಮದು. ಎರಡನೆಯದೂ ನಮ್ಮದೇ. ಮೂರನೆಯದರ ಪಟ್ಟಿಯಲ್ಲಿ 'ಅಗಲಿದ ಜೀವಕ್ಕೆ ಗೌರವದ ನಮನ' ಎಂದಿತ್ತು.

"ಇದ್ಯಾರು ಬರೆದಿದ್ದು? ಉಪ್ಪಿಲ್ಲ, ಹುಳಿಯಿಲ್ಲ," ಎಂದು ಚಿಕ್ಕಮ್ಮ ನನ್ನ ಕಡೆ ನೋಡಿದರು.

ಗಿತೇ ಅಣ್ಣ ಗಾಳಿಗೆ ತಿರುಚಿಕೊಂಡಿದ್ದ ಇನ್ನೊಂದು ಪಟ್ಟಿಯನ್ನು ಬಿಡಿಸಿ ಹಿಡಿದ. 'ಹೇಜಿನ್ ಕ್ಲಬ್ಬಿನ ಆಟಗಾರರೆಲ್ಲರಿಂದ.' ಅವನ ಬಾಯಿ ತೆರೆದುಕೊಂಡೇ ಇತ್ತು.

"ಆಟಗಾರರು ಕಳಿಸಿದಾರೆ. ಹುಡುಗರು ನಮ್ಮ ಕಡೆ ಇದಾರೆ ಕಣ್ರೋ!"

ಜೆಹಾ ಅತ್ತೇಬಿಟ್ಟ. ಚಿಕ್ಕಮ್ಮ ಕೂಡಲೇ ಮಾತು ಬದಲಿಸಿದರು. "ಪಾಪ, ಅದಕ್ಕೇ ಮೆತ್ತಗೆ ಬರೆದಿದಾವೆ. ಸಂಬಳ ಕೊಡೋರಿಗೆ ಹೆದರ್ಬೇಕಲ್ಲ." ಎಲ್ಲರೂ ಅದರ ಸುತ್ತ ನಿಂತು, ಮುಷ್ಟಿ ಎತ್ತಿ ಫೋಟೊ ತೆಗೆಸಿಕೊಂಡರು. 'ಆಟಗಾರರೂ ನಮ್ಮೊಂದಿಗೆ' ಎಂದು ಬರೆದು ಗಿತೇ ಅಣ್ಣ ಅಲ್ಲಿಂದಲೇ ಅಂತರ್ಜಾಲಕ್ಕೆ ಹಾಕಿದ.

ಹಾಗಾದರೆ ನನ್ನ ಮೂರನೆಯದು ಎಲ್ಲಿ ಹೋಯಿತು ಎಂದು ಕೇಳಬೇಕೆನಿಸಿತು. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದಾಗ ಕೇಳುವುದು ಹೇಗೆ? ಕೇಳಲಿಲ್ಲ. ಹೂವಿನ ಅಂಗಡಿಯವನಿಗೆ ತಡವಾಗಿರಬೇಕು.

ಅದೇ ದಿನ, ನಾಲ್ಕು ಗಂಟೆ

ಪ್ಯೊ ಅವರ ತಾಯಿ ನಿನ್ನೆ ತೀರಿಕೊಂಡಿದ್ದಾರೆ.

ಆಟಗಾರರು ಪುಷ್ಪಚಕ್ರ ಕಳಿಸಿದ್ದು ಆಕೆಗೆ. ಇದೇ ಹೂವಿನ ಅಂಗಡಿಯಿಂದ. ಒಂದೇ ಬೆಳಿಗ್ಗೆ, ಎರಡೂ ಹೇಜಿನ್ ಫುಟ್ಬಾಲಿನವರ ಆರ್ಡರು; ಗಾಡಿಯವನು ಒಂದನ್ನು ಅದಲುಬದಲು ಮಾಡಿದ್ದಾನೆ. ಆಸ್ಪತ್ರೆಯ ಪಕ್ಕದ ಅಂತಿಮ ದರ್ಶನದ ಸಭಾಂಗಣದಲ್ಲಿ, ಆ ತಾಯಿಯ ಫೋಟೊದ ಬದಿಯಲ್ಲಿ, ಸೂತಕದ ಕೈಪಟ್ಟಿ ಕಟ್ಟಿಕೊಂಡು ಮಗ ನಿಂತಿರುವ ಜಾಗದ ಎದುರಿಗೆ, ನನ್ನ ಸಾಲು ನಿಂತಿತ್ತು. ಉತ್ತರ ಗ್ಯಾಲರಿಯಿಂದ ಎಂಬ ಹೆಸರಿನ ಜೊತೆಗೆ.

ಅದರ ಫೋಟೊ ಈಗ ಎಲ್ಲ ಕಡೆ ಹರಿದಾಡುತ್ತಿದೆ. ಅದರ ಪಕ್ಕದಲ್ಲೇ ನಾವು ಮುಷ್ಟಿ ಎತ್ತಿದ ಫೋಟೊ.

ಅದರ ಕೆಳಗಿನ ಬೈಗುಳಗಳನ್ನು ಓದುತ್ತಿದ್ದೇನೆ. ನಿಲ್ಲಿಸಲಾಗುತ್ತಿಲ್ಲ. ಕೈ ತೊಳೆದುಕೊಂಡು ಬಂದೆ. ಮತ್ತೆ ಓದುತ್ತಿದ್ದೇನೆ.

ಗಿತೇ ಅಣ್ಣ ಫೋನ್ ಮಾಡಿದ್ದ. ಹೂವಿನ ಅಂಗಡಿಯ ತಪ್ಪು ಎಂದು ನಾಳೆ ಒಂದು ಹೇಳಿಕೆ ಕೊಟ್ಟರೆ ಸಾಕಲ್ಲವೇ ಎಂದ. ಅದನ್ನೂ ನಾನೇ ಬರೆಯಬೇಕಂತೆ. ಹೋಗೋಣ ಎಂದೆ. "ಎಲ್ಲಿಗೆ?" ಎಂದ. ಕಪ್ಪು ಕೋಟು ಹಾಕಿಕೊಂಡು ಆಸ್ಪತ್ರೆಯ ಹತ್ತಿರ ಬಾ ಎಂದೆ.

ಅಕ್ಟೋಬರ್ 25, ಶನಿವಾರ

ನಿನ್ನೆ ಸಂಜೆಯದನ್ನು ಬರೆದಿಡಬೇಕು.

ಪುಷ್ಪಚಕ್ರವನ್ನು ಯಾರೋ ಗೋಡೆಗೆ ಮುಖ ಮಾಡಿ ತಿರುಗಿಸಿ ನಿಲ್ಲಿಸಿದ್ದರು. ತಾಯಿಯ ಫೋಟೊಗೆ ಎರಡು ಸಲ ಅಡ್ಡಬಿದ್ದೆವು. ಆಮೇಲೆ ಪ್ಯೊ ಅವರಿಗೆ. ಅವರೂ ನಮಗೆ ಬಾಗಿದರು, ಪದ್ಧತಿಯಂತೆ ಬಾಗಲೇಬೇಕು. ಮೊದಲು ಬಾಯಿ ಬಿಟ್ಟವನು ಗಿತೇ ಅಣ್ಣ.

"ಸರ್, ಹೂವಿನ ಅಂಗಡಿಯವನು ಏನ್ ಮಾಡಿದ ಅಂದ್ರೆ..."

"ಅದು ಗೊತ್ತಾಯ್ತು," ಅಂದರು ಪ್ಯೊ. ಗಡ್ಡ ಬೆಳೆದಿತ್ತು. "ಬರೆದದ್ದು ಯಾರು?"

"ನಾನು."

ಅವರು ನನ್ನನ್ನು ನೋಡಿದರು. ಇಷ್ಟು ಚಿಕ್ಕವಳು ಎಂದುಕೊಂಡಿರಲಿಲ್ಲವೇನೋ. "ನಮ್ಮಕ್ಕ ಅದನ್ನ ಓದಿ ಒಳಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ," ಎಂದರು. ಆಮೇಲೆ, ಸಾವಿಗೆ ಬಂದ ಎಲ್ಲರಿಗೂ ಹೇಳುವಂತೆ, "ಊಟ ಮಾಡ್ಕೊಂಡು ಹೋಗಿ."

ಮನೆಯವರು ವಿಶ್ರಮಿಸುವ ಒಳಕೋಣೆಗೆ ಹೋದೆ. ಪ್ಯೊ ಅವರ ಅಕ್ಕ ಗೋಡೆಗೆ ಒರಗಿ ಕೂತಿದ್ದರು, ಕೂದಲಿಗೆ ಸೂತಕದ ಬಿಳಿ ಕ್ಲಿಪ್ಪು. ನಾನು ಬರೆದದ್ದು ಎಂದೆ, ಬೇರೆಯವರಿಗೆ ಬರೆದದ್ದು, ಕ್ಷಮಿಸಿ ಎಂದೆ.

"ಬೇರೆಯವರಿಗೆ ಅಂದ್ರೆ ಯಾರಿಗೆ?"

ಸುಳ್ಳು ಹೇಳಬಹುದಿತ್ತು. "ನಿಮ್ಮ ತಮ್ಮನಿಗೇ," ಎಂದೆ. "ಕ್ಲಬ್ಬಿನ ವಿಷಯಕ್ಕೆ."

"ಅಮ್ಮ ಮಲಗಿ ಎರಡು ತಿಂಗಳಾಗಿತ್ತು," ಎಂದರು ಆಕೆ. "ಇವನು ಬರ್ಲೇ ಇಲ್ಲ. ಸಿಯೋಲು, ಕಂಪನಿ, ಸಿಯೋಲು, ಕಂಪನಿ. ಕ್ಲಬ್ ಇಲ್ಲೇ ಉಳಿಸ್ರಪ್ಪಾ ಅಂತ ಬೇಡ್ಕೊಳ್ಳೋಕೆ ಹೋಗ್ತಿದ್ನೋ, ಎತ್ಕೊಂಡು ಹೋಗಿ ಅಂತ ಹೇಳೋಕೆ ಹೋಗ್ತಿದ್ನೋ, ನಮಗೇನು ಗೊತ್ತು? ಅದಕ್ಕೇ ಅದನ್ನ ಓದಿದ ತಕ್ಷಣ, ಯಾರೋ ನನ್ನ ಹೊಟ್ಟೆಯೊಳಗಿರೋದನ್ನ ಬರೆದು ನಿಲ್ಲಿಸಿದಾರೆ ಅನ್ನಿಸ್ತು." ಕಣ್ಣು ಒರೆಸಿಕೊಂಡು ನನ್ನನ್ನು ದಿಟ್ಟಿಸಿದರು. "ಚೆನ್ನಾಗಿ ಬರೀತೀಯಮ್ಮ. ಇನ್ಮೇಲೆ ನೋಡ್ಕೊಂಡು ಬರಿ."

ಹೊರಗೆ ಬಂದಾಗ ಆಟಗಾರರು ಬಂದಿದ್ದರು, ಎಲ್ಲರೂ ಒಂದೇ ತರಹದ ಕಪ್ಪು ಕೋಟಿನಲ್ಲಿ. ಜಾಗವಿಲ್ಲದೆ ನಮ್ಗುಂಗ್ ನಮ್ಮ ಮೇಜಿನ ಎದುರಿಗೇ ಬಂದು ಕೂತ. ಮಾಂಸದ ಸಾರಿಗೆ ಅನ್ನ ಸುರಿದುಕೊಂಡು ಗಬಗಬ ತಿಂದ. ಆಮೇಲೆ ಗಿತೇ ಅಣ್ಣನ ಗುರುತು ಹತ್ತಿತು.

"ನೀವು ಹಾಡದೇ ಇರೋರಲ್ವಾ?"

"ಅದು ನಿನ್ನ ಮೇಲಿನ ಸಿಟ್ಟಲ್ಲಪ್ಪ," ಎಂದ ಗಿತೇ ಅಣ್ಣ.

"ಗೊತ್ತು ಅಣ್ಣ. ಆದ್ರೆ ಅವತ್ತು ನನ್ನ ಉಸಿರಾಟ ನನಗೇ ಕೇಳಿಸ್ತಾ ಇತ್ತು. ಅದೊಂಥರಾ ಅಸಹ್ಯ." ಅವನು ಮೂಲಂಗಿ ಬಾಯಿಗಿಟ್ಟುಕೊಂಡ. "ಊರು ಬಿಟ್ಟು ಹೋಗ್ತೀವಾ, ಇಲ್ವಾ ಅಂತ ನಮ್ಮನ್ನ ಕೇಳ್ಬೇಡಿ. ನಾವೂ ಫೋನಲ್ಲೇ ಓದ್ಕೊಳ್ಳೋದು."

ಗಿತೇ ಅಣ್ಣ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ನಾನು ಪೂರ್ತಿ ತಿಂದೆ. ಯಾಕೋ ತುಂಬ ಹಸಿವಾಗಿತ್ತು. ಸುತ್ತ ಎಲ್ಲರೂ ಮೆಲ್ಲಗೆ ಮಾತಾಡುತ್ತಾ, ಬಟ್ಟಲು ದಾಟಿಸುತ್ತಾ ಕೂತಿದ್ದರು. ಯಾರಿಗೂ ಅವಸರವಿರಲಿಲ್ಲ. ಮಾಡಬಹುದಾದದ್ದು ಏನೂ ಉಳಿದಿಲ್ಲದ ಜಾಗದಲ್ಲಿ ಮಾತ್ರ ಜನ ಹಾಗೆ ಕೂರುತ್ತಾರೆ.

ಅಕ್ಟೋಬರ್ 26, ಭಾನುವಾರ

ಹೊರ ಊರಿನ ಆಟ. ಬೈಗುಳಕ್ಕೆ ಹೆದರಿ ಬಹಳ ಜನ ಬರಲಿಲ್ಲ. ಬಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೀಟು ಖಾಲಿ. ಗಿತೇ ಅಣ್ಣನೂ ಬರಲಿಲ್ಲ, ಮುಖ ತೋರಿಸಲಾರೆ ಎಂದನಂತೆ. ಹೋದ ಕೆಲವರೇ ಆಟ ಮುಗಿಯುವವರೆಗೂ ಹಾಡಿದೆವು. ಒಂದು–ಒಂದು. ನಮ್ಗುಂಗ್ ಪೆನಾಲ್ಟಿ ತಡೆದ. ಬಲಕ್ಕೆ ಹಾರಿ, ಎರಡೂ ಕೈಯಲ್ಲಿ.

ಗಂಟಲು ಪೂರ್ತಿ ಕಟ್ಟಿಹೋಗಿದೆ. ಬಸ್ಸಿನ ಎ.ಸಿ. ಗಾಳಿ ಇರಬೇಕು. ಚಿಕ್ಕಮ್ಮ ಶುಂಠಿ ಕಷಾಯದ ಫ್ಲಾಸ್ಕನ್ನು ನನ್ನ ಕೈಗೇ ಕೊಟ್ಟು, ಎಲ್ಲ ಕುಡಿ ಎಂದು ನಗುತ್ತಿದ್ದರು. ಏನು ನಗುವಂಥದ್ದೋ.

ಅಕ್ಟೋಬರ್ 28, ಮಂಗಳವಾರ

ಕಂಪನಿಯವರು ಹೇಳಿಕೆ ಕೊಟ್ಟಿದ್ದಾರೆ. 'ಹೇಜಿನ್‌ನಲ್ಲಿ ಆರೋಗ್ಯಕರ ಅಭಿಮಾನದ ವಾತಾವರಣವಿಲ್ಲವೆಂಬುದು ದುಃಖದ ಸಂಗತಿ.' ಪುಷ್ಪಚಕ್ರದ ಹೆಸರೆತ್ತಿಲ್ಲ. ಎತ್ತುವ ಅಗತ್ಯವೂ ಇಲ್ಲ.

ಅಂಗಡಿಯಲ್ಲಿ ಸಭೆ. ರಟ್ಟಿನ ಶವಪೆಟ್ಟಿಗೆ ಆಗಲೇ ತಯಾರಾಗಿ, ಫ್ರಿಜ್ಜಿನ ಪಕ್ಕದಲ್ಲಿ ಒರಗಿ ನಿಂತಿತ್ತು.

"ಈಗ ಹಿಂದೆ ಸರಿದ್ರೆ ತಪ್ಪು ನಮ್ಮದೇ ಅಂತ ಒಪ್ಕೊಂಡ ಹಾಗೆ," ಅಂದ ಗಿತೇ ಅಣ್ಣ. ಕಣ್ಣು ಕೆಂಪಾಗಿತ್ತು. "ಶನಿವಾರ ಹೂಳೋದೇ. ಇನ್ನೂ ದೊಡ್ಡದಾಗಿ."

"ಸಭೆ ಇರೋದು ಐದಕ್ಕೆ," ಅಂದೆ. "ಒಂದನೇ ತಾರೀಖೇ ನಾವೇ ಹೂತುಬಿಟ್ರೆ ಅವರಿಗೆ ಕೆಲಸ ಏನು ಉಳೀತು ಅಣ್ಣ? ಊರಿನವರೇ ಕೈತೊಳ್ಕೊಂಡ್ರು, ನಾವು ಸಾಗಿಸಿದ್ವಿ ಅಂತಾರೆ."

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ದನಿ ಜೋರಾಯಿತೇನೋ.

"ಬಾಯಿ ಬಂತು ಕವಯಿತ್ರಿಗೆ," ಎಂದ ಗಿತೇ ಅಣ್ಣ, ನಗದೆ. "ನೀನು ಚರಮನುಡಿ ಬರಿ. ಉಳಿದದ್ದು ನಾನು ನೋಡ್ಕೋತೀನಿ. ಹತ್ತೊಂಬತ್ತು ವರ್ಷ ಅವರಿಗೆ ಬೆನ್ನು ಹಾಕಿ ನಿಂತಿದೀನಿ. ಹೋಗೋವಾಗಲಾದ್ರೂ ಮುಖ ನೋಡಿ ಕಳಿಸ್ಕೊಡೋಕೆ ಬಿಡು."

ಬರೆಯುತ್ತೇನೆ ಎಂದೆ.

ಅಕ್ಟೋಬರ್ 30, ಗುರುವಾರ

ಮುಗಿಯಿತು. ನಾನು ಬರೆದದ್ದರಲ್ಲಿ ಇದೇ ಒಳ್ಳೆಯದು. 'ಸೋತ ಸಂಜೆಗಳಲ್ಲಿ ಒಟ್ಟಿಗೆ ನಡೆದು ಮನೆ ಸೇರಿದವರ ಊರು ಇದು' ಎನ್ನುವಲ್ಲಿ ನಾನೇ ನಿಂತು ಮತ್ತೊಮ್ಮೆ ಓದಿಕೊಳ್ಳುತ್ತೇನೆ. ಒಂದು ಪದ ತೆಗೆಯುವ ಹಾಗಿಲ್ಲ, ಸೇರಿಸುವ ಹಾಗಿಲ್ಲ.

ಮೀನುಪೇಟೆಗೆ ಹೋಗಿ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ರಬ್ಬರ್ ಗವಸಿನ ಹಿಂಬದಿಯಿಂದ ಕಣ್ಣು ಒರೆಸಿಕೊಂಡು, ಮೀನು ತೂಗುವುದನ್ನೇ ಬಿಟ್ಟು ಕೇಳಿದರು. ಗಿರಾಕಿ ಕಾಯುತ್ತಾ ನಿಂತಿದ್ದಳು. ಅವಳೂ ಕಣ್ಣು ಒರೆಸಿಕೊಂಡಳು. ಅವಳಿಗೆ ಫುಟ್ಬಾಲ್ ಗೊತ್ತಿಲ್ಲವಂತೆ.

"ಎಷ್ಟು ಚೆನ್ನಾಗಿ ಬರೆದಿದೀಯೇ," ಎಂದರು ಚಿಕ್ಕಮ್ಮ. "ಎದೆ ಹಗುರಾಯ್ತು ನೋಡು. ಇಷ್ಟು ದಿನ ನಿದ್ದೆನೇ ಇರ್ಲಿಲ್ಲ. ಇದನ್ನ ಕೇಳಿದ್ಮೇಲೆ, ಸರಿ, ಆಗಿದ್ದಾಯ್ತು, ಇನ್ನು ಮನೆಗೆ ಹೋಗ್ಬೋದು ಅನ್ನಿಸ್ತು."

ಹೊಗಳಿಕೆಯೇ. ಆದರೂ ದಾರಿಯುದ್ದಕ್ಕೂ ಅದು ಎಲ್ಲೋ ಚುಚ್ಚುತ್ತಲೇ ಇತ್ತು.

ಅಕ್ಟೋಬರ್ 31, ಶುಕ್ರವಾರ

ಪ್ರಬಂಧ ತಿದ್ದುವುದು ಬೇಗ ಮುಗಿಯಿತು. ಮನೆಗೆ ಬರಲಾಗಲಿಲ್ಲ. ಸ್ಟೇಡಿಯಂ ಸುತ್ತ ಒಂದು ಸುತ್ತು ಬಂದೆ, ಇನ್ನೊಂದು ಸುತ್ತು ಬಂದೆ. ಪೂರ್ವದ ಗೇಟು ತೆರೆದಿತ್ತು. ಒಳಗೆ ಇಬ್ಬರು ನಾಳೆಯ ಆಟಕ್ಕೆ ಬಿಳಿ ಗೆರೆ ಹಾಕುತ್ತಿದ್ದರು. ಒಬ್ಬ ಹುರಿ ಹಿಡಿದು ಕೂತಿದ್ದ, ಇನ್ನೊಬ್ಬ ಬಣ್ಣದ ಗಾಡಿ ತಳ್ಳುತ್ತಿದ್ದ.

"ಏ, ಬಲಕ್ಕೆ ಹೋಗ್ತಾ ಇದೆ ನೋಡೋ!"

"ಹುರಿನೇ ಸೊಟ್ಟ ಹಿಡಿದಿದೀಯ, ನನ್ನ ಯಾಕೆ ಬೈತೀಯ?"

ಗೆರೆ ಸ್ವಲ್ಪ ಸೊಟ್ಟಗಾಗಿತ್ತು. ಅವರು ನೀರು ಹಾಕಿ ಉಜ್ಜಿ, ಮತ್ತೆ ಹುರಿ ಕಟ್ಟಿ, ಮತ್ತೆ ಎಳೆದರು. ಮುಗಿಯುವವರೆಗೂ ನಿಂತು ನೋಡಿದೆ.

ಗಿತೇ ಅಣ್ಣನಿಂದ ಎರಡು ಸಂದೇಶ ಬಂದಿವೆ. ಚರಮನುಡಿ ಇವತ್ತೇ ಕಳಿಸಬೇಕಂತೆ, ಓದಿ ಅಭ್ಯಾಸ ಮಾಡಬೇಕಂತೆ. ಕಳಿಸಿಲ್ಲ. ಅವನು ಓದಿದರೆ ಜನ ಅಳುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅತ್ತು, ಎದೆ ಹಗುರವಾಗಿ, ಎಲ್ಲರೂ ಮನೆಗೆ ಹೋಗುತ್ತಾರೆ. ಬುಧವಾರದ ಸಭೆಯ ಹೊತ್ತಿಗೆ ಯಾರೂ ಎಚ್ಚರವಾಗಿರುವುದಿಲ್ಲ.

ಕ್ಲಬ್ ಉಳಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾಳೆ ಎರಡು ಗಂಟೆಗೆ ಆಟವಿದೆ ಎನ್ನುವುದು ಗೊತ್ತು.

ಚರಮನುಡಿಯನ್ನು ಕೊಡುವುದಿಲ್ಲ. ಸಂದೇಶದಲ್ಲಿ ಹೇಳಿ ಫೋನ್ ಆರಿಸಿಡುವ ವಿಷಯವಲ್ಲ ಇದು. ಬೆಳಿಗ್ಗೆ ಗಿತೇ ಅಣ್ಣ ಅಂಗಡಿಯ ಬಾಗಿಲು ಎತ್ತುವ ಹೊತ್ತಿಗೆ ಹೋಗಿ, ಎದುರು ನಿಂತು ಹೇಳುತ್ತೇನೆ, ಹೂಳುವುದು ಬೇಡ, ಹಾಡೋಣ ಎಂದು. ಬೈಯುತ್ತಾನೆ. ಬೈಯಲಿ. ಅವನು ಮೆಗಾಫೋನ್ ಮುಟ್ಟುವುದೇ ಇಲ್ಲ ಎಂದರೆ, ಅದನ್ನು ನನಗೆ ಕೊಡು ಎಂದು ಕೇಳುತ್ತೇನೆ.